ಹೊಟ್ಟೆಯಲ್ಲಿ ರಾಗ ಇಟ್ಟುಕೊಂಡ ಹುಲಿ

ಮದ್ದೂರಿನಲ್ಲಿ ರೈಲು ನಿಂತದ್ದು ಎರಡೇ ನಿಮಿಷ. ಅಷ್ಟರಲ್ಲಿ ವಡೆಯವನು ಬೋಗಿಯನ್ನು ಈ ತುದಿಯಿಂದ ಆ ತುದಿಗೆ ಅಳೆದುಬಿಟ್ಟಿದ್ದ. ಮುರಿದರೆ ಕಟಕ್ಕೆನ್ನಬೇಕು, ಒಳಗಿನ ಈರುಳ್ಳಿ ಮೆತ್ತಗಿರಬೇಕು. ಸದ್ದಿಲ್ಲದ ಮದ್ದೂರು ವಡೆ ನನ್ನ ಲೆಕ್ಕದಲ್ಲಿ ವಡೆಯೇ ಅಲ್ಲ. ಅಂದು ನಾನು ಹೊರಟಿದ್ದೂ ಒಂದು ಸದ್ದಿನ ಬೆನ್ನು ಹತ್ತಿಯೇ. ಮಂಡ್ಯ ಬಂತು, ಕಬ್ಬಿನ ಗದ್ದೆಗಳು ಬಂದವು, ಪಾಂಡವಪುರ ಹಿಂದಾಯಿತು. ಕಾವೇರಿ ಸೇತುವೆಯ ಮೇಲೆ ಗಡಗಡ ಎಂದ ರೈಲು ಶ್ರೀರಂಗಪಟ್ಟಣದ ಕೋಟೆಯೊಳಕ್ಕೇ ಬಂದು ನಿಂತಿತು.

ರಂಗನಾಥನ ಗುಡಿಯಿಂದ ನಾಲ್ಕು ಹೆಜ್ಜೆ ನಡೆದರೆ ಲಾಲ್ ಮಹಲ್. ಟಿಪ್ಪು ವಾಸವಿದ್ದ ಅರಮನೆ ಅನ್ನುತ್ತಾರೆ, ಕಾಣುವುದು ಮಾತ್ರ ಬುನಾದಿಯ ಗೆರೆ, ಹುಲ್ಲು, ಪುರಾತತ್ವ ಇಲಾಖೆಯ ಫಲಕ. ಗುಡಿಗೆ ಬಂದವರು ಇತ್ತ ತಿರುಗಿಯೂ ನೋಡುವುದಿಲ್ಲ. ನಾನು ಮಾತ್ರ ಬಿಸಿಲಲ್ಲಿ ಮೆಲ್ಲಗೆ ಸುತ್ತು ಹಾಕಿದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಬ್ರಿಟಿಷರು ಅರಮನೆಯ ಕೋಣೆ ಕೋಣೆ ತಡಕಿದರು. ವಾದ್ಯಗಳನ್ನಿಡುತ್ತಿದ್ದ ರಾಗಮಹಲ್ ಎಂಬ ಕೋಣೆಯಲ್ಲಿ ಸಿಕ್ಕಿದ್ದು, ಸೋಜರನೊಬ್ಬನ ಮೇಲೆ ಬಿದ್ದು ಕುತ್ತಿಗೆಗೆ ಬಾಯಿ ಹಾಕಿದ ಮರದ ಹುಲಿ. ಉದ್ದ 178 ಸೆಂಟಿಮೀಟರ್, ಹೆಚ್ಚುಕಡಿಮೆ ಒಬ್ಬ ಆಳು.

ಗೊಂಬೆ ಎಂದು ಬಿಟ್ಟುಬಿಡುವಂತಿಲ್ಲ. ಹುಲಿಯ ಭುಜದಲ್ಲಿ ಒಂದು ಹಿಡಿ. ಅದನ್ನು ತಿರುವಿದರೆ ಒಳಗಿನ ತಿದಿಗಳು ಉಸಿರಾಡುತ್ತವೆ, ಕಮ್ಮಾರನ ಕುಲುಮೆಯಲ್ಲಿ ಆಡುತ್ತವಲ್ಲ, ಹಾಗೆ. ಆ ಗಾಳಿ ಬಿದ್ದವನ ಗಂಟಲಿನ ಕೊಳವೆಗೆ ನುಗ್ಗಿ ನರಳಾಟವಾಗುತ್ತದೆ. ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ, ಕೈ ಆಡಿದಂತೆ ನರಳುವ ಸ್ವರವೂ ಏರಿಳಿಯುತ್ತದೆ. ಹುಲಿಯ ತಲೆಯಲ್ಲಿ ಬೇರೆಯೇ ಒಂದು ಕೊಳವೆ, ಅದರದ್ದು ಎರಡೇ ಸ್ವರದ ಗುಟುರು. ಇಷ್ಟಕ್ಕೇ ನಿಲ್ಲಿಸಿದ್ದರೆ ಕೋಪದ ಆಟಿಕೆಯಾಗಿ ಉಳಿಯುತ್ತಿತ್ತು. ಆದರೆ ಹುಲಿಯ ಪಕ್ಕೆಯಲ್ಲೊಂದು ಮುಚ್ಚಳ. ತೆರೆದರೆ ದಂತದ ಗುಂಡಿಗಳ ಸಾಲು! ಹದಿನೆಂಟು ಸ್ವರದ ಪುಟ್ಟ ಆರ್ಗನ್. ಶತ್ರುವಿನ ಮೇಲೆ ಹಲ್ಲು ಕಡಿಯುತ್ತಾ ಕೂತವನಿಗೆ ಹುಲಿಯ ಹೊಟ್ಟೆಯಲ್ಲಿ ಟ್ಯೂನ್ ನುಡಿಸುವ ವ್ಯವಸ್ಥೆಯೂ ಬೇಕು ಅನ್ನಿಸಿತಲ್ಲ! ಟಿಪ್ಪುವಿನ ಬಗ್ಗೆ ನಮ್ಮೂರ ಕಟ್ಟೆಯಲ್ಲಿ ನಡೆಯುವ ಜಗಳ ಇಲ್ಲಿ ಬೇಡ. ನನ್ನ ಬೆರಗೆಲ್ಲ ಆ ಮುಚ್ಚಳದ ಮೇಲೆ.

ಮಾಡಿದವರು ಯಾರು? ಕೆತ್ತನೆ, ಬಣ್ಣ ನೋಡಿದರೆ ಇಲ್ಲಿನ ಕೈ. ಒಳಗಿನ ಯಂತ್ರಕ್ಕೆ ಟಿಪ್ಪುವಿನ ಬಳಿಯಿದ್ದ ಫ್ರೆಂಚ್ ಕುಶಲಕರ್ಮಿಗಳು ಕೈಜೋಡಿಸಿರಬಹುದೆಂದು ಬಲ್ಲವರ ಊಹೆ. ಬಡಗಿ, ಬಣ್ಣದವ, ತಿದಿ ಹೊಲಿದವ, ಕೊಳವೆಗೆ ಶ್ರುತಿ ಕೂಡಿಸಿದವ, ಎಲ್ಲ ಒಂದೇ ಸೂರಿನಡಿ ಕೂತು, ಹಿಡಿ ತಿರುವಿ, ಸರಿಬರದೆ ಬಿಚ್ಚಿ, ಮತ್ತೆ ಜೋಡಿಸಿ ನಕ್ಕಿರಬೇಕು. ಬೆಂಗಳೂರಿನ ಹುಡುಗರು ಇಂಥ ಜಾಗಕ್ಕೆ ಈಗ ಸ್ಟುಡಿಯೊ ಎನ್ನುತ್ತಾರೆ.

ಹುಲ್ಲಿನ ಮೇಲೆ ಕೂತು ಫೋನ್ ತೆಗೆದೆ. ಹುಲಿಯನ್ನು ನುಡಿಸಿ ತೋರಿಸಿದ ವಿಡಿಯೊ ಇದೆ. ಸೌಂಡ್ ಪೂರ್ತಿ ಏರಿಸಿದೆ. ಮೊದಲು ಹಿಡಿಯ ಕಿರಕಿರ, ಆಮೇಲೆ ಗುಟುರು, ನಡುವೆ ಸಣ್ಣಗೆ ನರಳಾಟ. ಹೊರಟ ಜಾಗದಲ್ಲೇ ಮತ್ತೆ ಆ ಸದ್ದು! ಮೈ ಜುಮ್ಮೆಂದಿತು. ಆಡು ಮೇಯಿಸುತ್ತಿದ್ದ ಹುಡುಗ ಹತ್ತಿರ ಬಂದು ಬಗ್ಗಿದ.

"ಏನ್ ಸಾ ಅದು, ಹಂದಿಯಾ?"

ಹುಲಿ ಎಂದೆ. ನಂಬಲಿಲ್ಲ. ಆದರೂ "ಇನ್ನೊಂದ್ ಸಲ ಹಾಕಿ" ಅಂದ.

ಬ್ರಿಟಿಷರು ಹುಲಿಯನ್ನು ಹೊತ್ತೊಯ್ದ ಲಂಡನ್ನಿನಲ್ಲೂ ಆದದ್ದು ಇದೇ. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಹುಲಿಯನ್ನು ಜನರ ಮುಂದಿಟ್ಟರು. ಬಂದವರೆಲ್ಲ ಹಿಡಿ ತಿರುವುವವರೇ. ಪಕ್ಕದಲ್ಲಿ ಓದಲು ಕೂತ ಪಂಡಿತರಿಗೆ ತಲೆ ಕೆಟ್ಟುಹೋಯಿತು. ಕೊನೆಗೆ ಹಿಡಿಯೇ ಕಳೆದುಹೋದಾಗ ಅವರು ನಿಟ್ಟುಸಿರು ಬಿಟ್ಟರಂತೆ. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ. ಎರಡನೇ ಮಹಾಯುದ್ಧದಲ್ಲಿ ಸೂರು ಕುಸಿದು ಚೂರುಚೂರಾದರೂ ಮತ್ತೆ ಜೋಡಿಸಿದ್ದಾರೆ.

ಆ ಸದ್ದಿನ ಗುಂಗಿನಲ್ಲೇ ಸಂಜೆ ಬಸ್ಸು ಹತ್ತಿ ಕಾವೇರಿಯ ಅಣೆಕಟ್ಟೆ ಕೆಆರ್‌ಎಸ್‌ಗೆ ಹೋದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತಲ್ಲ, ಬೇಸಿಗೆಯಲ್ಲೂ ಆ ಯಂತ್ರಗಳಿಗೆ ನೀರು ತಪ್ಪಬಾರದೆಂಬುದು ಈ ಕಟ್ಟೆ ಕಟ್ಟಲು ಒಂದು ದೊಡ್ಡ ಕಾರಣ. ಮಂಡ್ಯದ ಗದ್ದೆಗೆ ನಾಲೆ ಬಂದದ್ದು ಅದರ ಬೆನ್ನಿಗೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಕಟ್ಟೆಯ ಬುಡದಲ್ಲಿ ಬೃಂದಾವನ ಎಬ್ಬಿಸಿದರು. ಈಗ ಅಲ್ಲಿ ನೀರು ಹಾಡಿಗೆ ಕುಣಿಯುತ್ತದೆ.

ಜನ ಸೇತುವೆ ದಾಟಿ ಓಡುತ್ತಿದ್ದರು. ಕಡಲೆಕಾಯಿ, ಕೂಗಾಟ, ಹೆಗಲ ಮೇಲೆ ಮಕ್ಕಳು. ಸಿನಿಮಾ ಹಾಡು ಶುರುವಾದದ್ದೇ ತಡ, ಕತ್ತಲಲ್ಲಿ ನೀರು ಕೆಂಪಾಗಿ ಎದ್ದಿತು, ಬಾಗಿತು, ಡೋಲಿನ ಪೆಟ್ಟಿಗೆ ತುಂಡಾಗಿ ಚಿಮ್ಮಿತು. ಅಗ್ಗದ ಬೆಡಗು ಎಂದು ಮೂಗು ಮುರಿಯುವವರಿದ್ದಾರೆ. ನಾನೂ ಒಂದು ಕಾಲಕ್ಕೆ ಮುರಿದವನೇ. ಅಂದು ಮಾತ್ರ ಯಾವ ಕೋಣೆಯಲ್ಲಿ ಯಾರು ಗುಂಡಿ ಒತ್ತುತ್ತಿದ್ದಾರೋ ಎಂದು ಕತ್ತು ಚಾಚಿ ಹುಡುಕಿದೆ. ಕಾಣಲಿಲ್ಲ.

ಹಾಡು ಮುಗಿದು ನೀರು ದೊಪ್ಪೆಂದು ಬಿತ್ತು. ಮುಂದಿನ ಸಾಲಿನಲ್ಲಿ ಅಪ್ಪನ ಹೆಗಲೇರಿ ಕೂತಿದ್ದ ಹುಡುಗಿ ಅವನ ಕಿವಿ ಹಿಡಿದು ಎಳೆಯುತ್ತಿದ್ದಳು: "ಇನ್ನೊಂದ್ ಸಲ."