ನಿಜವಾಗ್ಲೂ ಗಿಡ್ಡ ಆಗುತ್ತಾ, ಸರ್?

ಫೋಟೋದಲ್ಲಿರೋದು ನನ್ನ ಅಂಗೈ, ಅಷ್ಟೇ. ನೀವೂ ಒಮ್ಮೆ ಅಂಗೈಯನ್ನು ಆಕಾಶದ ಕಡೆ ಚಾಚಿ. ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಮ್ಯೂಆನ್ ಅನ್ನೋ ಕಣ ಅದನ್ನು ತೂರಿಕೊಂಡು ಹೋಗ್ತಿರುತ್ತೆ. ನೋವಿಲ್ಲ, ಗೊತ್ತೂ ಆಗಲ್ಲ.

ಈ ಕಣಕ್ಕೂ ನಾನು ಮಾಡಿದ ಒಂದು ತಪ್ಪಿಗೂ ಸಂಬಂಧ ಇದೆ.

ಕೆಲವು ವರ್ಷಗಳ ಹಿಂದೆ ಬಿಎಸ್ಸಿ ಮಕ್ಕಳಿಗೆ ಪಾಠ ಮಾಡ್ತಿದ್ದೆ. ಸಾಪೇಕ್ಷತಾ ಸಿದ್ಧಾಂತದ ಪಾಠ. ವೇಗವಾಗಿ ಚಲಿಸುವ ವಸ್ತುವಿನ ಉದ್ದ ಕಡಿಮೆಯಾಗುತ್ತದೆ ಅಂತ ಹೇಳಿ ಬೋರ್ಡ್ ಮೇಲೆ ಸೂತ್ರ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: "ಸರ್, ಅದು ನಿಜವಾಗ್ಲೂ ಗಿಡ್ಡ ಆಗುತ್ತಾ? ಇಲ್ಲಾ ಸುಮ್ನೆ ಹಾಗೆ ಕಾಣುತ್ತಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ. "ಕಾಣೋದಷ್ಟೇ ಕಣಮ್ಮಾ, ಸೂತ್ರ ಬರಿ, ಮಾರ್ಕ್ಸ್ ಬರುತ್ತೆ" ಅಂದುಬಿಟ್ಟೆ. ಕ್ಲಾಸೆಲ್ಲಾ ನಕ್ಕಿತು. ಆಮೇಲೆ ಆ ವರ್ಷವಿಡೀ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವಳಿಗೆ ಕೊಡಬೇಕಿದ್ದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ಬೆಳಕು. ನಿಮ್ಮ ಬಸ್ಸು ಗಂಟೆಗೆ 60 ಕಿ.ಮೀ. ವೇಗದಲ್ಲಿದೆ, 80ರಲ್ಲಿ ಒಂದು ಕಾರು ದಾಟಿ ಹೋಯ್ತು. ನಿಮ್ಮ ಲೆಕ್ಕಕ್ಕೆ ಅದರ ವೇಗ ಬರೀ 20. ಬೆಳಕಿನ ಹತ್ತಿರ ಈ ಲೆಕ್ಕ ನಡೆಯಲ್ಲ. ನೀವು ನಿಂತಿರಿ, ಅದರ ಹಿಂದೆ ಓಡಿ, ಎದುರಿಗೆ ಓಡಿ. ಅದು ಸೆಕೆಂಡಿಗೆ ಸುಮಾರು 2,99,792 ಕಿ.ಮೀ.ನಲ್ಲೇ ಹೋಗುತ್ತೆ. 1905ರಲ್ಲಿ ಐನ್‌ಸ್ಟೀನ್ ಇದನ್ನು ಇದ್ದ ಹಾಗೇ ಒಪ್ಪಿಕೊಂಡರು. ವೇಗ ಅಂದ್ರೆ ದೂರವನ್ನು ಸಮಯದಿಂದ ಭಾಗಿಸಿದ್ದು. ಎಲ್ಲರಿಗೂ ಉತ್ತರ ಒಂದೇ ಬರಬೇಕಾದ್ರೆ, ದೂರ ಮತ್ತು ಸಮಯ ಎಲ್ಲರಿಗೂ ಒಂದೇ ಆಗಿರೋಕೆ ಸಾಧ್ಯವಿಲ್ಲ.

ಈಗ ಮ್ಯೂಆನ್. ವಾತಾವರಣದ ಮೇಲ್ಭಾಗದಲ್ಲಿ ಹುಟ್ಟುತ್ತೆ. ಸರಾಸರಿ ಆಯಸ್ಸು ಸೆಕೆಂಡಿನ ಹತ್ತು ಲಕ್ಷದ ಭಾಗದಲ್ಲಿ 2.2, ಅಂದ್ರೆ 2.2 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಬೆಳಕೇ ಓಡಿದರೂ ಸುಮಾರು 660 ಮೀಟರ್.

ಅಮೆರಿಕದ ಫ್ರಿಶ್ ಮತ್ತು ಸ್ಮಿತ್ ಅನ್ನೋ ವಿಜ್ಞಾನಿಗಳು ಮೌಂಟ್ ವಾಷಿಂಗ್ಟನ್ ಬೆಟ್ಟದ ತುದಿಯಲ್ಲಿ, ಸುಮಾರು 1,900 ಮೀಟರ್ ಎತ್ತರದಲ್ಲಿ ಕೂತು ಮ್ಯೂಆನ್ ಎಣಿಸಿದರು. ಗಂಟೆಗೆ ಸುಮಾರು 563. ಆಮೇಲೆ ಕೆಳಗೆ, ಸಮುದ್ರಮಟ್ಟದಲ್ಲಿ ಎಣಿಸಿದರು. ಹಳೇ ಲೆಕ್ಕದ ಪ್ರಕಾರ ಅಲ್ಲಿವರೆಗೆ ಬದುಕಿ ಬರಬೇಕಾದವು ಸುಮಾರು 27. ಬಂದದ್ದು 408! 1963ರಲ್ಲಿ ಇದನ್ನು ಪ್ರಕಟಿಸಿದರು.

ಯಾಕೆ ಹೀಗೆ? ನೆಲದ ಮೇಲಿರೋ ನಮ್ಮನ್ನು ಕೇಳಿದ್ರೆ, "ಮ್ಯೂಆನ್‌ನ ಗಡಿಯಾರ ನಿಧಾನ ಆಯ್ತು, ಅದಕ್ಕೇ ಹೆಚ್ಚು ಕಾಲ ಬದುಕಿತು" ಅಂತೀವಿ. ಮ್ಯೂಆನ್‌ನ ಕೇಳಿದ್ರೆ? "ನನ್ನ ಗಡಿಯಾರ ಸರಿಯಾಗೇ ಇದೆ. ನಾನು ಇದ್ದಲ್ಲೇ ಇದ್ದೆ. ಬೆಟ್ಟವೇ ನನ್ನ ಕಡೆ ಧಾವಿಸಿ ಬಂತು, ಅದು ಇದ್ದದ್ದೇ ಇನ್ನೂರು ಚಿಲ್ಲರೆ ಮೀಟರ್" ಅನ್ನುತ್ತೆ. 1,900 ಮೀಟರಿನ ಬೆಟ್ಟ ಸುಮಾರು ಒಂಬತ್ತನೇ ಒಂದು ಭಾಗಕ್ಕೆ ಇಳಿದಿದೆ.

ಯಾರೂ ಬೆಟ್ಟವನ್ನು ಹಿಂಡಲಿಲ್ಲ, ಒಂದು ಕಲ್ಲೂ ಪುಡಿಯಾಗಲಿಲ್ಲ. ಹಾಗಂತ ಇದು ಕಣ್ಣಿನ ಭ್ರಮೆಯೂ ಅಲ್ಲ. ಸುಮ್ನೆ ಕಾಣೋ ಗಿಡ್ಡತನದಿಂದ ಯಾವ ಕಣವೂ ಬದುಕಿ ನೆಲ ಮುಟ್ಟಲ್ಲ. ಎತ್ತರ ಎಷ್ಟು, ಸಮಯ ಎಷ್ಟು ಅನ್ನೋದರಲ್ಲಿ ನಾವೂ ಮ್ಯೂಆನೂ ಒಪ್ಪಲ್ಲ. ಆದರೆ ಬೆಳಕಿನ ವೇಗದಲ್ಲಿ ಒಪ್ಪುತ್ತೀವಿ, ಮ್ಯೂಆನ್ ನೆಲ ಮುಟ್ಟಿತು ಅನ್ನೋದರಲ್ಲೂ ಒಪ್ಪುತ್ತೀವಿ.

ಆ ಹುಡುಗಿ ಎಲ್ಲಾದರೂ ಇದನ್ನು ಓದ್ತಿದ್ರೆ: ನಿಜವಾಗ್ಲೂ ಗಿಡ್ಡ ಆಗುತ್ತೆ ಕಣಮ್ಮಾ. ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನಗು ಬರಿಸಿದ್ದಕ್ಕೆ ಕ್ಷಮಿಸು.

ನಿಮ್ಮನ್ನೂ ಹೀಗೆ ಕೂರಿಸಿಬಿಟ್ಟ ಪ್ರಶ್ನೆ ಯಾವುದು? ಕೆಳಗೆ ಬರೀರಿ. ಗೊತ್ತಿದ್ರೆ ಹೇಳ್ತೀನಿ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತೀನಿ.

ಮುಂದಿನ ಕಂತಿನಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿಯೋಣ. ಇದೇ ಮ್ಯೂಆನ್‌ಗಳನ್ನು ನೆಲದಾಳದಲ್ಲಿ ಎಣಿಸಿದ ಜಾಗ ಅದು.