ಗರಿಯ ಗಾಳ

ಘಟ್ಟದ ಮೇಲೆ ಚಳಿ ಇಳಿದು ಅಡಕೆಯ ಕೊಯ್ಲು ಆರಂಭವಾಗುವ ಹೊತ್ತಿಗೆ ನಮಗೊಂದು ಕಾಗದ ಬಂದಿತು. ಬರೆದವನು ನಮ್ಮ ಹಳೆಯ ವಿದ್ಯಾರ್ಥಿ. “ಮಾಸ್ತರೇ, ನಿವೃತ್ತರಾದ ಮೇಲೆ ಮನೆ ಬಿಟ್ಟು ಹೊರಡುವುದೇ ಇಲ್ಲವಂತೆ. ಮೂರು ದಿನ ನನ್ನೊಡನೆ ಬನ್ನಿ, ನಮ್ಮ ಹೊಳೆಗಳನ್ನು ತೋರಿಸುವೆನು” ಎಂದಿತ್ತು. ಓದಿ ಸಂತೋಷವಾಯಿತೆಂದರೆ ಸುಳ್ಳಾದೀತು. ಮೂವತ್ತು ವರ್ಷಗಳ ಹಿಂದೆ ಸಿದ್ದಾಪುರದ ಕಡೆ ನಾವು ಕೆಲಸದಲ್ಲಿದ್ದಾಗ, ಈ ಹುಡುಗನು ಪಾಠ ತಪ್ಪಿಸಿ ಹಳ್ಳದ ದಡದಲ್ಲಿ ಗಾಳ ಹಾಕಿಕೊಂಡು ಕುಳಿತಿದ್ದನು. ನಾವು ಅವನ ಬಿದಿರುಕೋಲನ್ನು ಮುರಿದು, ಆ ತುಂಡಿನಿಂದಲೇ ತರಗತಿಯ ಎದುರಿಗೆ ಹೊಡೆದೆವು. ಹುಡುಗನು ಅಳಲಿಲ್ಲ, ಆದರೆ ಆ ವರ್ಷ ಮುಗಿಯುವವರೆಗೆ ನಮಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಮೌನವು ನಮಗೆ ಇಂದಿಗೂ ನೆನಪಿದೆ. ಹೋಗದಿರಲು ಮನಸ್ಸು ಒಪ್ಪದೆ, ಕುಮಟೆಯಿಂದ ದೇವಿಮನೆ ಘಟ್ಟವನ್ನು ಹತ್ತಿ ಶಿರಸಿಗೆ ಬಂದೆವು.

ಮೊದಲನೆಯ ದಿನ ಅವನು ನಮ್ಮನ್ನು ಯಲ್ಲಾಪುರದ ದಾರಿಯಲ್ಲಿರುವ ಸಹಸ್ರಲಿಂಗಕ್ಕೆ ಕರೆದೊಯ್ದನು. ಶಾಲ್ಮಲೆಯ ಪಾತ್ರದಲ್ಲಿ ಬಂಡೆಬಂಡೆಯ ಮೇಲೂ ಲಿಂಗ, ಎದುರಿಗೆ ನಂದಿ. ಸೋದೆಯ ಅರಸು ಸದಾಶಿವರಾಯನ ಕಾಲದಲ್ಲಿ, ಎಂದರೆ 1678ರಿಂದ 1718ರೊಳಗೆ, ಇವನ್ನು ಕೆತ್ತಿಸಿದರೆಂದು ಹೇಳುವರು. ಮಳೆಗಾಲ ಕಳೆದು ನೀರು ಇಳಿದಾಗ ಮಾತ್ರ ಇವುಗಳ ಪೂರ್ಣದರ್ಶನ. ಕಲ್ಲುಗಳ ನಡುವೆ ಸುಳಿಯುವ ಮೀನುಗಳನ್ನು ನೋಡುತ್ತ, “ಇಲ್ಲಿ ಗಾಳ ಹಾಕುವೆಯೋ?” ಎಂದು ಕೇಳಿದೆವು. “ದೇವರ ನೀರು, ಮಾಸ್ತರೇ. ಇಲ್ಲಿ ನೋಡುವುದಷ್ಟೇ” ಎಂದನು.

ಅವನು ಕೆಲಕಾಲ ಹೊರದೇಶದಲ್ಲಿ ಉದ್ಯೋಗದಲ್ಲಿದ್ದು, ಅಲ್ಲಿ ‘ಫ್ಲೈ ಫಿಷಿಂಗ್’ ಎಂಬ ವಿದ್ಯೆಯನ್ನು ಕಲಿತು, ಈಗ ಊರಿಗೆ ಮರಳಿ ತೋಟ ನೋಡಿಕೊಂಡಿರುವನು. ಈ ವಿದ್ಯೆಯಲ್ಲಿ ಎರೆಹುಳ ಬೇಡ, ಹಿಟ್ಟಿನ ಉಂಡೆ ಬೇಡ. ಗರಿ, ನೂಲು, ಉಣ್ಣೆಗಳಿಂದ ಗಾಳದ ಕೊಕ್ಕೆಯನ್ನೇ ನೊಣದಂತೆ ಸಿಂಗರಿಸುವರು. ಹೊಟ್ಟೆಗಿಲ್ಲದ ಆ ಹುಸಿನೊಣಕ್ಕೆ ಮೀನು ಬಾಯಿ ಹಾಕುವುದು. ಕ್ರಿಸ್ತಶಕ 200ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ಗ್ರಂಥಕಾರನು, ಮ್ಯಾಸಿಡೋನಿಯದ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ ಹುಂಜದ ಎರಡು ಗರಿಗಳನ್ನು ಸಿಕ್ಕಿಸುತ್ತಿದ್ದರೆಂದು ಬರೆದಿರುವನು. ನಮ್ಮ ಕರಾವಳಿಗೂ ಇದರ ನಂಟುಂಟು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬುವರ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗಾಳದ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು.

ಇದನ್ನೆಲ್ಲ ಕೇಳುತ್ತಿದ್ದಾಗ ನಮಗೆ ಒಳಗೊಳಗೇ ನಾಚಿಕೆಯಾಯಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ. ರಾಜನೀತಿ, ಪಾಕ, ಸಂಗೀತಗಳ ಜೊತೆಗೆ ‘ಮತ್ಸ್ಯವಿನೋದ’ವೆಂಬ ಭಾಗವೂ ಅದರಲ್ಲಿದೆ, ಮೀನುಗಳ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳದ ದಾರ, ಕೋಲು, ಹಿಡಿಯುವ ಕ್ರಮ ಎಲ್ಲವನ್ನೂ ಅರಸನು ಶ್ಲೋಕಗಳಲ್ಲಿ ಹೇಳಿರುವನು. 1951ರಲ್ಲಿ ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ಇದನ್ನು ಕುರಿತು ಇಂಗ್ಲಿಷಿನಲ್ಲಿ ಲೇಖನ ಬರೆದರು. ಬನವಾಸಿ ಸೀಮೆಯು ಆ ಚಕ್ರವರ್ತಿಯ ಆಳ್ವಿಕೆಗೆ ಸೇರಿದ್ದುದರಿಂದ ಅವನು ನಮ್ಮವನೇ. ಆದರೆ ನಾವು ವಿದ್ಯಾರ್ಥಿಯಾಗಿದ್ದಾಗ ಈ ಭಾಗವು ಸಸ್ಯಾಹಾರಿಗಳಿಗೆ ಬೇಡವಾದುದೆಂದು ಹಾಳೆ ಮಗುಚಿದ್ದೆವು. ಚಕ್ರವರ್ತಿಯೊಬ್ಬನು ಶಾಸ್ತ್ರವೆಂದು ಬರೆದುದನ್ನು ಹತ್ತು ವರ್ಷದ ಹುಡುಗನು ಮಾಡಿದರೆ ಪೋಕರಿತನವೆಂದು ಹೊಡೆದೆವು!

ರಾತ್ರಿ ಯಲ್ಲಾಪುರದಲ್ಲಿ ಅವನ ಬಂಧುಗಳ ಮನೆಯಲ್ಲಿ ತಂಗಿದೆವು. ಬೆಲ್ಲ ಹಾಕಿದ ಬಿಸಿ ಕಷಾಯ ಕುಡಿದಾದ ಮೇಲೆ ಅವನು ದೀಪದ ಕೆಳಗೆ ತನ್ನ ಪೆಟ್ಟಿಗೆಯನ್ನು ಬಿಚ್ಚಿದನು. ಮೊದಲು ಕೊಕ್ಕೆಯನ್ನು ಸಣ್ಣ ಇಕ್ಕಳದಲ್ಲಿ ಬಿಗಿದನು. ಅದರ ಬೆನ್ನಿನುದ್ದಕ್ಕೂ ರೇಷ್ಮೆನೂಲನ್ನು ಸುತ್ತಿ, ಬಾಲಕ್ಕೆಂದು ಗರಿಯ ನಾಲ್ಕು ಎಳೆಗಳನ್ನು ಕಟ್ಟಿದನು. ಬಳಿಕ ಹತ್ತಿಯನ್ನು ನೂಲಿಗೆ ಹೊಸೆದು ಒಡಲು ಮಾಡಿದನು. “ಇದು ಬೂರುಗದ ಹತ್ತಿ, ನೀರಿನಲ್ಲಿ ಬೇಗ ಮುಳುಗದು” ಎಂದಾಗ, ಬೂರುಗಕ್ಕೆ ಸಂಸ್ಕೃತದಲ್ಲಿ ಶಾಲ್ಮಲಿಯೆಂದು ಹೆಸರು, ಬೆಳಿಗ್ಗೆ ನೋಡಿದ ಹೊಳೆಯ ಹೆಸರೂ ಅದೇ ಎಂದು ನಾವು ಹೇಳಿದೆವು. ಅವನು ಕಣ್ಣರಳಿಸಿ, “ಹೌದೇ ಮಾಸ್ತರೇ?” ಎಂದನು. ಮೂವತ್ತು ವರ್ಷಗಳ ಮೇಲೆ ಅವನು ನಮಗೆ ಕೇಳಿದ ಮೊದಲ ಪ್ರಶ್ನೆಯದು. ಕೊನೆಗೆ ನಾಟಿ ಹುಂಜದ ಕತ್ತಿನ ಗರಿಯನ್ನು ಕೊಕ್ಕೆಯ ತಲೆಯ ಬಳಿ ಸುತ್ತಿದನು. ಎಳೆಗಳು ಸುತ್ತಲೂ ನೆಟ್ಟಗೆ ನಿಂತು ಕೀಟದ ಕಾಲುಗಳಂತೆಯೇ ಕಂಡವು. ಗಂಟು ಹಾಕಿ ಒಂದು ತೊಟ್ಟು ವಾರ್ನಿಷ್ ಇಟ್ಟನು. ಬೆರಳುಗುರಿಗಿಂತ ಚಿಕ್ಕದಾದ ಆ ವಸ್ತುವಿಗೆ ಹಿಡಿದ ಕಾಲ ಅರ್ಧ ಗಂಟೆ.

ಬೆಳಗಿನ ಜಾವ ಕಾಡಿನಿಂದ ಹುಂಜದ ಕೂಗು ಕೇಳಿಸಿತು. ಸಹ್ಯಾದ್ರಿಯ ಬೂದು ಕಾಡುಕೋಳಿಯ ಹುಂಜವದು. ಅದರ ಕತ್ತಿನ ಗರಿಗಳ ತುದಿಯಲ್ಲಿ ಹಳದಿ ಅರಗನ್ನು ತೊಟ್ಟಿಕ್ಕಿದಂತಹ ಚುಕ್ಕೆಗಳಿರುವುವು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನವರು ಸಾಲ್ಮನ್ ಮೀನಿನ ಹುಸಿನೊಣಗಳಿಗೆ ಈ ಗರಿಯನ್ನೇ ಬಯಸಿ ತರಿಸಿಕೊಳ್ಳುತ್ತಿದ್ದರು. ಅಷ್ಟು ದೂರದ ನದಿಗಳ ವಿನೋದಕ್ಕಾಗಿ ನಮ್ಮ ಕಾಡಿನ ಹಕ್ಕಿಗಳು ಸತ್ತವು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವನ್ನು ಕಾಯುತ್ತಿದೆ. ಮಾಗೋಡಿಗೆ ಹೋಗುವ ದಾರಿಯಲ್ಲಿ ಅಂತಹ ಗರಿಯೊಂದು ಬಿದ್ದಿತ್ತು. ನಮ್ಮ ಶಿಷ್ಯನು ಬಗ್ಗಿ ನೋಡಿದನು, ಮುಟ್ಟಲಿಲ್ಲ. “ಬಿದ್ದದ್ದನ್ನು ಒಬ್ಬ ಎತ್ತಿದರೆ, ಬೀಳದ್ದನ್ನು ಇನ್ನೊಬ್ಬ ಕೀಳುತ್ತಾನೆ” ಎಂದು ಮುಂದೆ ನಡೆದನು. ಮಾಗೋಡಿನಲ್ಲಿ ಬೇಡ್ತಿಯು ಎರಡು ಹಂತಗಳಲ್ಲಿ ಕಂದರಕ್ಕೆ ಧುಮುಕುವುದನ್ನು ನೋಡಿದೆವಾದರೂ ನಮ್ಮ ಮನಸ್ಸು ಆ ಗರಿಯಲ್ಲಿಯೇ ಇತ್ತು.

ಮೂರನೆಯ ದಿನ ಸಿದ್ದಾಪುರದ ಕಡೆಗೆ. ಶಿರಸಿಯ ಬಳಿ ಹುಟ್ಟುವ ಅಘನಾಶಿನಿಯು ಉಂಚಳ್ಳಿಯಲ್ಲಿ 116 ಮೀಟರು ಕೆಳಕ್ಕೆ ಹಾರಿ, ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಕಡಲನ್ನು ಸೇರುವ ನದಿ. ಅದಕ್ಕೆ ಕೂಡುವ ಹಳ್ಳವೊಂದು ಶಿಷ್ಯನ ತೋಟದ ಅಂಚಿನಲ್ಲಿದೆ. ನೋಡಿದೊಡನೆ ಗುರುತು ಹಿಡಿದೆವು: ಅದೇ ಹಳ್ಳ, ಅದೇ ಮಡು.

ಅವನು ಒಂಬತ್ತಡಿಯ ಹಗುರಾದ ಕೋಲನ್ನು ಜೋಡಿಸಿದನು. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಭಾರವು ದಾರವನ್ನು ಎಳೆದೊಯ್ಯುವುದು. ಇಲ್ಲಿ ನೊಣಕ್ಕೆ ಭಾರವೇ ಇಲ್ಲ. ಆದುದರಿಂದ ದಪ್ಪನೆಯ ದಾರವೇ ಭಾರವಾಗಿ ನೊಣವನ್ನು ಒಯ್ಯಬೇಕು. ದಾರದ ತುದಿಗೆ ಮೀನಿಗೆ ಕಾಣದಂತಹ ತೆಳುವಾದ ನೈಲಾನ್ ಎಳೆ. ಕೋಲನ್ನು ಹಿಂದಕ್ಕೆ ಬೀಸಿ, ದಾರವು ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಅವನು ಬೀಸಿದಾಗ ನೊಣವು ತರಗೆಲೆಯಂತೆ ನೀರಿನ ಮೇಲೆ ಕುಳಿತಿತು. ಮೂರನೆಯ ಸಲಕ್ಕೆ ಗೇಣುದ್ದದ ಬೆಳ್ಳಿ ಬಣ್ಣದ ಮೀನೊಂದು ಎದ್ದು ಕಚ್ಚಿತು. ಅವನು ಕೈಯನ್ನು ನೀರಿನಲ್ಲಿ ಅದ್ದಿ, ಮೀನನ್ನು ನೀರಿನಲ್ಲಿಯೇ ಹಿಡಿದು, ಮೊದಲೇ ಮುಳ್ಳನ್ನು ಒತ್ತಿ ಸಪಾಟು ಮಾಡಿದ್ದ ಕೊಕ್ಕೆಯನ್ನು ಸಲೀಸಾಗಿ ಬಿಡಿಸಿ ಬಿಟ್ಟುಬಿಟ್ಟನು. “ತಿನ್ನದಿದ್ದ ಮೇಲೆ ಹಿಡಿಯುವುದೇಕೆ? ಅದಕ್ಕೆ ನೋವಾಗದೇ?” ಎಂದೆವು. “ಆಗುತ್ತದೆ. ಆಗುವುದಿಲ್ಲವೆಂದು ನಾನು ಹೇಳಲಾರೆ. ಆದ್ದರಿಂದಲೇ ದಿನಕ್ಕೆ ಮೂರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ” ಎಂದನು. ಉತ್ತರವು ನಮ್ಮ ಸಂದೇಹವನ್ನು ತೀರಿಸಲಿಲ್ಲ. ಆದರೆ ಅದರ ಸತ್ಯಕ್ಕೆ ತಲೆದೂಗಿದೆವು.

ಅನಂತರ ಕೋಲನ್ನು ನಮ್ಮ ಕೈಗಿತ್ತನು. ನಾವು ಆತುರದಿಂದ ಬೀಸಲು ದಾರವು ನಮ್ಮ ಟೊಪ್ಪಿಗೆಗೂ ಹಿಂದಿನ ಪೊದೆಗೂ ಸುತ್ತಿಕೊಂಡಿತು. ಅವನು ನಗದೆ ಗಂಟು ಬಿಡಿಸತೊಡಗಿದನು. “ಕಾಯಬೇಕು, ಮಾಸ್ತರೇ. ಹಿಂದೆ ಹೋದದ್ದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಮುಂದೆ ಬೀಸಬಾರದು.”

ಆಗ ನಾವು ಬಾಯಿ ಬಿಟ್ಟೆವು. “ನಿನ್ನ ಕೋಲನ್ನು ಮುರಿದದ್ದು ತಪ್ಪಾಯಿತಪ್ಪ” ಎಂದೆವು.

ಅವನು ಗಂಟಿನಿಂದ ಕಣ್ಣೆತ್ತಲಿಲ್ಲ. “ಅದು ಅಜ್ಜ ಮಾಡಿಕೊಟ್ಟ ಕೋಲು. ಆ ಮಳೆಗಾಲದಲ್ಲಿ ಅಜ್ಜ ತೀರಿಕೊಂಡ. ಇನ್ನೊಂದು ಮಾಡಿಸಿಕೊಳ್ಳಲಾಗಲಿಲ್ಲ” ಎಂದನು. ಸ್ವಲ್ಪ ಹೊತ್ತಿನ ಮೇಲೆ, “ಪೆಟ್ಟು ಮರೆತಿದ್ದೇನೆ, ಮಾಸ್ತರೇ. ಕೋಲು ಮರೆತಿಲ್ಲ” ಎಂದು ಸೇರಿಸಿದನು.

ಅಘವೆಂದರೆ ಪಾಪ, ಅದನ್ನು ನಾಶಮಾಡುವವಳು ಅಘನಾಶಿನಿಯೆಂದು ಎಷ್ಟೋ ವರ್ಷ ಮಕ್ಕಳಿಗೆ ವ್ಯುತ್ಪತ್ತಿ ಹೇಳಿದವರು ನಾವು. ಆ ನೀರಿನಲ್ಲಿ ಮೊಣಕಾಲುದ್ದ ನಿಂತಿದ್ದರೂ ಅಂದು ಅದನ್ನು ಹೇಳಲು ನಾಲಗೆ ಏಳಲಿಲ್ಲ. ಗಂಟು ಬಿಡಿಸಿದವನು ಕೋಲನ್ನು ಮತ್ತೆ ನಮ್ಮ ಕೈಯಲ್ಲಿಟ್ಟು, “ಇನ್ನೊಮ್ಮೆ ಬೀಸಿ” ಎಂದನು. ನಾವು ಬೀಸಿ, ಈ ಸಲ ಕಾದೆವು.