ಹಸುವಿನ ಹೊಟ್ಟೆಗೆ ಎರಡು ತಿಂಗಳ ಬೆಳೆ

ನಮ್ಮ ಮುಳಬಾಗಿಲು ಕಡೆ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಇರೋದು ಕೆರೆ, ಅದು ಒಣಗಿದ್ರೆ ಸಾವಿರ ಅಡಿ ದಾಟಿದ ಬೋರ್‌ವೆಲ್. ಆದ್ರೂ ಬೆಳಗಾಗೋದ್ರೊಳಗೆ ಊರವರೆಲ್ಲಾ ಕ್ಯಾನ್ ಹಿಡ್ಕೊಂಡು ಡೈರಿ ಮುಂದೆ ನಿಂತಿರ್ತಾರೆ. ಮಳೆ ಕೈ ಕೊಟ್ರೂ ಹಾಲಿನ ಬಟವಾಡೆ ಬರತ್ತೆ ಅನ್ನೋದೇ ನಮ್ಮವರ ಧೈರ್ಯ. ಆದ್ರೆ ಆ ಹಾಲಿನ ಹಿಂದೆ ಹುಲ್ಲಿದೆ, ಹುಲ್ಲಿನ ಹಿಂದೆ ನೀರಿದೆ!

ನಮ್ಮ ಮನೇಲಿ ಎರಡು ಸೀಮೆ ಹಸು. ಒಂದಕ್ಕೆ ದಿನಕ್ಕೆ 25 ಕೆಜಿ ಹಸಿ ಮೇವು ಅಂದ್ರೂ ವರ್ಷಕ್ಕೆ ಒಂಬತ್ತು ಟನ್ ಆಯ್ತು. ನೇಪಿಯರ್ ಹುಲ್ಲು ಒಮ್ಮೆ ನೆಟ್ರೆ ನಾಲ್ಕೈದು ವರ್ಷ ಕೊಯ್ಯಬಹುದು, ನಿಜ. ಆದ್ರೆ ಮಾರ್ಚಿ ಏಪ್ರಿಲ್‌ನಲ್ಲಿ, ಬೋರು ಅರ್ಧ ಗಂಟೆ ನೀರು ಎತ್ತಿ ಗಾಳಿ ಉಗುಳೋ ಹೊತ್ತಿಗೇ ಅದಕ್ಕೆ ನೀರು ಬೇಕು. ಒಂದು ಬೇಸಿಗೇಲಿ ಅದು ಒಣಗಿ, ಅಪ್ಪ "ಒಂದು ಹಸು ಕೊಟ್ಬಿಡೋಣ" ಅಂದ್ರು. ಅಮ್ಮ ಮಾತಾಡಲಿಲ್ಲ. ಸಗಣಿ ಬಾಚೋದು, ಹಾಲು ಕರೆಯೋದು ಎಲ್ಲಾ ಅವಳೇ. ಬಟವಾಡೆಯ ದುಡ್ಡೂ ಅವಳ ಕೈಗೇ ಬರೋದು.

ಆಮೇಲೆ ಅರ್ಧ ಎಕರೆಯಲ್ಲಿ ಆಫ್ರಿಕನ್ ಟಾಲ್ ಮುಸುಕಿನ ಜೋಳ ಹಾಕಿದ್ವಿ. ಜುಲೈನಲ್ಲಿ ಬಿತ್ತಿದ್ರೆ ಮಳೆ ನೀರೇ ಮುಕ್ಕಾಲು ಪಾಲು ಸಾಕು. ಅರವತ್ತು ಎಪ್ಪತ್ತೈದು ದಿನಕ್ಕೆ ಆಳೆತ್ತರ ದಾಟತ್ತೆ. ತೆನೇಲಿ ಹಾಲು ತುಂಬೋ ಹೊತ್ತಿಗೆ ಕೊಯ್ಯಬೇಕು. ಎಕರೆಗೆ ಹದಿನೈದು ಟನ್ ಅಂತ ಹಿಡಿದ್ರೂ ಅರ್ಧ ಎಕರೇಲಿ ಏಳೂವರೆ. ದಿನಕ್ಕೆ ಹಸುವಿಗೆ 20 ಕೆಜಿ ಲೆಕ್ಕದಲ್ಲಿ, ಐದು ತಿಂಗಳಿಗೆ ಎರಡಕ್ಕೂ ಸೇರಿ ಬೇಕಾಗೋದು ಆರು ಟನ್. ಅಂದ್ರೆ ಬೇಸಿಗೆ ದಾಟಿತು!

ಆದ್ರೆ ಸೆಪ್ಟೆಂಬರಿನ ಹುಲ್ಲು ಏಪ್ರಿಲ್ ತನಕ ಇರಬೇಕಲ್ಲ? ಅದಕ್ಕೇ ರಸಮೇವು. ಒಂದಿಂಚು ಚೂರು ಮಾಡಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಾಳಿ ಹೋಗೋ ಹಾಗೆ ತುಳಿದು ಬಾಯಿ ಬಿಗೀಬೇಕು. ಒಂದೂವರೆ ತಿಂಗಳ ಮೇಲೆ ಬಿಚ್ಚಿದ್ರೆ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ನಡೆಯೋ ಕೆಲಸವೂ ಹೆಚ್ಚುಕಮ್ಮಿ ಅದೇ, ಹುಳಿ ಬರಿಸೋ ಸೂಕ್ಷ್ಮಜೀವಿಗಳದ್ದು. ಇಲಿ ಚೀಲ ಕಡಿದ್ರೆ ಮಾತ್ರ ಗಾಳಿ ಹೊಕ್ಕು ಬೂಷ್ಟು ಹಿಡಿಯತ್ತೆ. ಆ ಭಾಗ ಹಸುವಿಗೆ ಹಾಕೋ ಹಾಗಿಲ್ಲ.

ಅಜ್ಜಿ ಮಾತ್ರ ಒಪ್ಪಲಿಲ್ಲ. "ರಾಗಿ ಹೊಲದಲ್ಲಿ ಹಸುವಿಗೆ ಬೆಳೆಯೋದಾ?" ಅಂದ್ಲು. ಅವಳ ಮಾತಲ್ಲೂ ಸತ್ಯ ಇದೆ ನೋಡಿ. ರಾಗಿ ಬಿಟ್ರೆ ಮುದ್ದೆಯೂ ಹೋಯ್ತು, ವರ್ಷದ ಒಣಹುಲ್ಲೂ ಹೋಯ್ತು. ಅವಳ ಕಾಲದಲ್ಲಿ ರಾಗಿ ನಡುವೆ ಅಕ್ಕಡಿ ಸಾಲು ಇರ್ತಿತ್ತು: ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಕಾಳು ಮನೆಗೆ, ಜೋಳದ ಸಪ್ಪೆ ಎತ್ತಿಗೆ. ಮಳೆ ಇಲ್ಲದೆ ಕುಗ್ಗಿದ ಎಳೇ ಜೋಳಕ್ಕೆ ದನ ಬಿಡಬೇಡಿ ಅಂತ ಅವಳು ಬೈತಿದ್ದಳು. ಅದ್ರಲ್ಲಿ ಸೈನೈಡ್ ವಿಷ ಇರತ್ತೆ, ಹೂ ಬಂದ ಮೇಲೆ ಕಮ್ಮಿಯಾಗತ್ತೆ ಅಂತ ನಾವು ಪುಸ್ತಕದಲ್ಲಿ ಓದಿದ್ದು. ಅವಳಿಗೆ ಓದದೆಯೇ ಗೊತ್ತಿತ್ತು.

ಕೊನೆಗೆ ಮಧ್ಯದ ದಾರಿ ಹಿಡಿದ್ವಿ. ಒಂದು ಎಕರೆ ರಾಗಿಗೇ ಇರಲಿ, ಅರ್ಧ ಎಕರೆ ಮೇವಿಗೆ. ಮುಸುಕಿನ ಜೋಳದ ಸಾಲುಗಳ ನಡುವೆ ಅಲಸಂದೆ, ಪ್ರೋಟೀನ್ ಸಿಗತ್ತೆ ಅಂತ. ಅಜ್ಜಿ ಅದನ್ನ ನೋಡಿ, "ಇದು ಅಕ್ಕಡಿನೇ ಅಲ್ವೇನೋ" ಅಂದ್ಲು.

2018ರ ಜೂನ್‌ನಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಕೆರೆ ತುಂಬಿದ್ದು ನೋಡಿ ಖುಷಿಪಟ್ಟವರೂ ಇದ್ದಾರೆ, ಆ ನೀರು ಸಾಕಷ್ಟು ಶುದ್ಧವಾ ಅಂತ ಕೇಳಿದವರೂ ಇದ್ದಾರೆ. ನೀರು ಎಲ್ಲಿಂದ ಬಂದ್ರೂ ಬೇಸಿಗೇಲಿ ಹುಲ್ಲಿಗೆ ಸುರಿಯೋಷ್ಟು ನಮ್ಮಲ್ಲಿಲ್ಲ ಅನ್ನೋದು ನನ್ನ ಲೆಕ್ಕ. ಮಳೆ ಬಂದಾಗ ಬೆಳೆದು ಚೀಲದಲ್ಲಿ ಕಟ್ಟಿಡೋದೇ ನಮಗೆ ಸರಿ.

ಎರಡೂ ಹಸು ಇನ್ನೂ ಕೊಟ್ಟಿಗೇಲಿವೆ. ನಿಮ್ಮ ಕಡೆ ಬೇಸಿಗೆಗೆ ಏನು ಮಾಡ್ತೀರಿ?